ತ್ರಿಕಮ್‌ದಾಸ್ ಎಂಬ ಚಿಂತಕ ಇರಲಿಲ್ಲ

ತ್ರಿಕಮ್‌ದಾಸ್ ಎಂಬ ಆರ್ಥಿಕ ಚಿಂತಕ ಸೂರತ್ತಿನಲ್ಲಿ ಹುಟ್ಟಲಿಲ್ಲ, ಅಲ್ಲಿ ಬೆಳೆಯಲಿಲ್ಲ, ಸ್ವದೇಶಿಯ ಮೇಲೆ ಕರಪತ್ರ ಅಚ್ಚು ಹಾಕಿಸಲಿಲ್ಲ. ಅವನನ್ನು ಮಾಡಿದವಳು ನಾನು. ಬೆಳಿಗ್ಗೆ ಏಳೂಕಾಲಿನ ತರಗತಿಯಲ್ಲಿ ನಿದ್ದೆಗಣ್ಣಿನ ಹುಡುಗರನ್ನು ಎಚ್ಚರವಾಗಿಡಲಿಕ್ಕೆ ಮಾಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ತನಕ ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಆದರೆ ಈ ವಿಷಯ ಎಲ್ಲರಿಗೂ ಗೊತ್ತಾಗಬೇಕು.

ಈಗ ಬರೆಯಲು ಕೂತದ್ದಕ್ಕೆ ಕಾರಣ ನನ್ನ ತಮ್ಮನ ಮಗಳು ಚೈತ್ರಾ. ಕುಂದಾಪುರದ ಹತ್ತಿರ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದಾಳೆ. ಹೋದ ತಿಂಗಳು ಫೋನು ಮಾಡಿದಳು.

"ಅತ್ತೆ, ನಂಗೆ ಭಾರತೀಯ ಆರ್ಥಿಕ ಚಿಂತನೆಯ ಇತಿಹಾಸ ಕೊಟ್ಟಿದ್ದಾರೆ. ಬೇರೆ ಯಾರೂ ತಗೊಳ್ಳುದಿಲ್ಲ ಅಂತ ನನ್ನ ತಲೆಗೆ ಕಟ್ಟಿದ್ದು."

"ನನ್ನ ತಲೆಗೂ ಹಾಗೇ ಕಟ್ಟಿದ್ದು."

"ನೀವು ಇಡೀ ಸರ್ವಿಸು ಅದನ್ನೇ ಮಾಡಿದ್ದಲ್ವಾ. ಎಂತ ಹೇಳುದು ಮಕ್ಕಳಿಗೆ? ಇಲ್ಲೊಂದು ಗೈಡ್ ಉಂಟು, ಕನ್ನಡದ್ದು. ಅದರಲ್ಲಿ ಇದ್ದವರನ್ನೆಲ್ಲ ಓದ್ತೇನೆ, ಯಾರು ಮುಖ್ಯ ಅಂತ ಹೇಳಿ."

ಓದಿದಳು. ದೊಡ್ಡ ಹೆಸರುಗಳೆಲ್ಲ ಒಂದೊಂದಾಗಿ ಬಂದವು. ಅವನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವು ಪಠ್ಯಕ್ರಮದಲ್ಲಿವೆ. ಪಟ್ಟಿಯ ಕೊನೆಗೆ ಬಂದಾಗ ಅವಳು ತಡವರಿಸಿದಳು. "ಮತ್ತೆ ಇವರೊಬ್ರು, ಸೂರತ್ತಿನ ತ್ರಿಕಮ್‌ದಾಸ್. ಹೊಗೆ ಸಿದ್ಧಾಂತ ಅಂತ ಅರ್ಧ ಪುಟ ಉಂಟು. ನಿಮ್ಮ ಗುಜರಾತಿನವರೇ. ಇವರು ಯಾರತ್ತೆ?"

ನಾನು ನಿಂತಲ್ಲಿಂದ ಕುರ್ಚಿಗೆ ಬಂದು ಕೂತೆ. ಗುಜರಾತಿಯಲ್ಲಿ ಅವನ ಕಥೆ ಮುಗಿಸಿದ್ದೇನೆ ಅಂದುಕೊಂಡಿದ್ದೆ. ಅವನು ನನಗಿಂತ ಮೊದಲು ನನ್ನ ಊರು ತಲುಪಿದ್ದ.

"ನಾಳೆ ಹೇಳ್ತೇನೆ" ಅಂದೆ. ಒಂದು ಫೋನಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಅವಳಿಗೂ, ಈ ವಿಷಯವನ್ನು ತಲೆಗೆ ಕಟ್ಟಿಸಿಕೊಳ್ಳುವ ಉಳಿದ ಹೊಸಬರಿಗೂ.

ಏಳನೇ ತರಗತಿ ತನಕ ನಾನು ಅಜ್ಜಿಯ ಹತ್ತಿರ ಊರಿನಲ್ಲಿ ಕನ್ನಡ ಶಾಲೆಯಲ್ಲಿ ಓದಿದವಳು. ಆಮೇಲೆ ಅಪ್ಪ ಅಹ್ಮದಾಬಾದಿಗೆ ಕರೆಸಿಕೊಂಡ. ಅಪ್ಪ ಅಲ್ಲಿ ನಮ್ಮ ಊರಿನವರ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದ. ಮಾಲೀಕನಲ್ಲ, ಗಲ್ಲಾಪೆಟ್ಟಿಗೆಯ ಎದುರು ಕೂತವನಲ್ಲ, ರುಬ್ಬುವವನು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಗುಜರಾತಿನಲ್ಲಿ ಉಡುಪಿ ಕಡೆಯವರು ಅಂದರೆ ಎಲ್ಲರೂ ಹೋಟೆಲಿನ ಮಾಲೀಕರು ಅಂತಲೇ ಜನ ತಿಳಿಯುತ್ತಾರೆ. ಶಾಲೆ ಬಿಟ್ಟ ಮೇಲೆ ನಾನು ಹೋಟೆಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದೆ. ಅಡುಗೆಮನೆ ಕಿಟಕಿಯ ಎದುರಿನ ಮೇಜಿನಲ್ಲಿ ದಿನವೂ ಒಬ್ಬರು ಬಂದು ಕೂರುತ್ತಿದ್ದರು. ಬಟ್ಟೆ ಮಿಲ್ಲಿನ ನೇಯ್ಗೆ ಖಾತೆಯಲ್ಲಿ, ಅಂದರೆ ನೇಯ್ಗೆ ವಿಭಾಗದಲ್ಲಿ, ಕೆಲಸ. ಎಲ್ಲರೂ ತ್ರಿಕಮ್ ಕಾಕಾ ಅನ್ನುತ್ತಿದ್ದರು. ಅರ್ಧ ಚಾ, ಒಂದು ಇಡ್ಲಿ, ಒಂದು ಗಂಟೆ ಮಾತು.

ನಾನು ಬಿ.ಎ.ಗೆ ಅರ್ಥಶಾಸ್ತ್ರ ತೆಗೆದುಕೊಂಡಾಗ ಅಪ್ಪ ಕೈಯಲ್ಲಿ ಹಿಟ್ಟು ಇಟ್ಟುಕೊಂಡೇ ಕೇಳಿದ. "ಅದ್ ಓದಿರೆ ಎಂತ ಸಿಕ್ಕತ್ತ್ ಹೆಣೆ?"

ನನಗೂ ಗೊತ್ತಿರಲಿಲ್ಲ. ಕಿಟಕಿಯ ಆಚೆಯಿಂದ ಕಾಕಾ ಕೇಳಿಸಿಕೊಂಡು, ಏನಂತೆ ಅಂದರು. ದೇಶದ ಸಂಪತ್ತು ಹೊರಗೆ ಸೋರಿಹೋಯಿತು ಅಂತ ಹಿಂದಿನವರು ಬರೆದಿದ್ದಾರೆ, ಅದನ್ನು ಓದುತ್ತೇನೆ ಅಂದೆ. ಕಾಕಾ ಚಾ ಕೆಳಗಿಟ್ಟು ಹೇಳಿದರು:

"ನಮ್ಮ ಮಿಲ್ಲಿನದ್ದು ನೋಡು ಬೇಟಾ. ಹೊಗೆ ನಮ್ಮ ಓಣಿಗೆ ಬೀಳ್ತದೆ, ಬಟ್ಟೆ ಊರೂರಿಗೆ ಹೋಗ್ತದೆ, ಉಳಿದ ದುಡ್ಡು ಎಲ್ಲಿಗೆ ಹೋಗ್ತದೆ ಅಂತ ಅಷ್ಟೆತ್ತರದ ಚಿಮಣಿಗೂ ಕಾಣುವುದಿಲ್ಲ."

ಅಪ್ಪ ಕೈ ತೊಳೆದುಕೊಂಡು, "ಇದನ್ನೇ ಓದೂದಾರೆ ಓದ್" ಅಂದ. ನಮ್ಮ ಮನೆಯಲ್ಲಿ ಪದವಿ ಅನ್ನುವುದು ಹೀಗೆ ಪಾಸಾಯಿತು. ನಮ್ಮ ಕುಟುಂಬದಲ್ಲಿ ಅದಕ್ಕಿಂತ ಮೊದಲು ಯಾರೂ ಕಾಲೇಜಿನ ಗೇಟು ದಾಟಿರಲಿಲ್ಲ. ಗಂಡಸರೂ ದಾಟಿರಲಿಲ್ಲ.

ಎಂ.ಎ. ಮುಗಿಸಿ ಸರಕಾರಿ ಉಪನ್ಯಾಸಕಿಯಾಗಿ ಮೊದಲು ಹೋದದ್ದು ಸೂರತ್ತಿಗೆ. ನಮ್ಮ ವಿಭಾಗದ ಮುಖ್ಯಸ್ಥರು ಮೆಹ್ತಾ ಸಾಹೇಬರು. ಹೊಟ್ಟೆ ಮುಂದಿಟ್ಟುಕೊಂಡು ನಿಧಾನ ನಡೆಯುವವರು. ಮೊದಲ ದಿನವೇ ಹಳದಿ ಬಣ್ಣಕ್ಕೆ ತಿರುಗಿದ ಒಂದು ಕಂತೆ ಹಾಳೆ ನನ್ನ ಮುಂದೆ ತಳ್ಳಿದರು.

"ಗುಲಾಬಿ ಬೆನ್, ಇದು ಐದನೇ ಪತ್ರಿಕೆ, ಆರ್ಥಿಕ ಚಿಂತನೆ. ಬರೆಸಿ. ಹಾಜರಿ ತಗೊಳ್ಳಿ. ಮತ್ತೆ ಬರೆಸಿ. ಏನೂ ಯೋಚನೆ ಬೇಡ." ಗುಜರಾತಿನಲ್ಲಿ ಅಧ್ಯಾಪಕಿಯನ್ನೂ ಬೆನ್, ಅಂದರೆ ಅಕ್ಕ, ಅಂತಲೇ ಕರೆಯುವುದು.

"ಪಾಠ ಯಾವಾಗ ಮಾಡುವುದು ಸಾಹೇಬ್?"

"ಅದನ್ನೇ ಪಾಠ ಅನ್ನುವುದು."

ಗುಜರಾತಿನ ಆ ಕಾಲದ ಕಾಲೇಜುಗಳಲ್ಲಿ ಕೆಲಸದ ರೀತಿಯೇ ಅದು. ಅಧ್ಯಾಪಕ ನಿಂತು ಓದುತ್ತಾನೆ, ಮಕ್ಕಳು ಕೂತು ಬರೆಯುತ್ತಾರೆ. ಮೆಹ್ತಾ ಸಾಹೇಬರ ಹಾಳೆಗಳು ಅವರ ಗುರುಗಳವು, ಆ ಗುರುಗಳಿಗೆ ಅವು ಇನ್ಯಾರಿಂದಲೋ ಬಂದದ್ದು. ಬರೆಸಿದ್ದು ಮಾತ್ರ ವಿದ್ಯೆ. ಬಾಯಲ್ಲಿ ಎಷ್ಟೇ ಹೇಳಿ, ಪೆನ್ನು ಮೇಲೇಳುವುದಿಲ್ಲ. "ಬರೆದುಕೊಳ್ಳಿ" ಅಂದ ಕೂಡಲೆ ಅರವತ್ತು ತಲೆ ಒಟ್ಟಿಗೆ ಬಗ್ಗುತ್ತದೆ. ಚೈತ್ರಾ, ನಿನ್ನ ಕಾಲದಲ್ಲಿ ಹಾಳೆ ಹೋಗಿ ಪರದೆ ಬಂದಿದೆ ಅಷ್ಟೆ. ಮಕ್ಕಳು ಈಗ ಪರದೆಯ ಫೋಟೋ ತೆಗೆಯುತ್ತಾರೆ. ತಲೆ ಬಗ್ಗುವುದು ಅದೇ.

ನಮ್ಮದು ಬೆಳಗಿನ ಕಾಲೇಜು. ಹುಡುಗರಲ್ಲಿ ಅರ್ಧ ಜನ ಸೂರತ್ತಿನ ಅಂಚಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ತರಗತಿಗೆ ಬರುವವರು. ಆ ವಾರ ಮಿಲ್ಲಿನಲ್ಲಿ ಯಾವ ಬಣ್ಣದ ಸೀರೆ ಓಡುತ್ತಿದೆ ಅಂತ ಅವರ ಉಗುರು ನೋಡಿ ಹೇಳಬಹುದಿತ್ತು. ನೀಲಿ ವಾರ, ಕೆಂಪು ವಾರ. ಸಂಪತ್ತಿನ ಸೋರಿಕೆಯ ಪಾಠ ಬಂದ ದಿನ ಹಸಿರು ವಾರ. ಹಳದಿ ಹಾಳೆ ಓದುತ್ತಿದ್ದೆ. ಮೂರನೇ ಬೆಂಚಿನಲ್ಲಿ ಭಾವೇಶ್ ಎಂಬ ಹುಡುಗ, ಬಟ್ಟೆ ಮಡಚುವ ಖಾತೆಯವನು, ಬರೆಯುತ್ತ ಬರೆಯುತ್ತ ಪೆನ್ನಿನ ಮೇಲೆ ಹಣೆಯಿಟ್ಟು ಮಲಗಿಬಿಟ್ಟ. ಪಕ್ಕದವನು ತಿವಿದ. ಎದ್ದವನು ತಪ್ಪು ಮುಚ್ಚಿಕೊಳ್ಳಲಿಕ್ಕೆ ಒಂದು ಪ್ರಶ್ನೆ ಕೇಳಿದ.

"ಬೆನ್, ಸೋರಿತು ಅಂತೀರಿ. ಸೋರುವುದು ಯಾರಿಗಾದರೂ ಕಾಣಿಸ್ತಿತ್ತಾ?"

ಹಾಳೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನಾನು ಹಾಳೆ ಮಡಚಿ, "ತ್ರಿಕಮ್ ಕಾಕಾ ಅಂತ ಒಬ್ಬರಿದ್ದರು" ಅಂದೆ. ಚಿಮಣಿಯ ಮಾತು ಹೇಳಿದೆ. ಹಿಂದಿನ ಬೆಂಚಿನವರು ಸಹ ಕತ್ತೆತ್ತಿದರು. ಒಬ್ಬ, "ನಮ್ಮ ಪಾಂಡೇಸರಾದ್ದು ಹೊಗೆ ಮಾತ್ರ ಅಲ್ಲ ಬೆನ್, ನೀರೂ ನಮಗೇ" ಅಂದ. ನಗು. ಆ ದಿನ ಯಾರೂ ಮಲಗಲಿಲ್ಲ.

ಆಮೇಲೆ ನಾನು ನಿಲ್ಲಲಿಲ್ಲ. ಸ್ವದೇಶಿ ಬಂದಾಗ ಕಾಕಾ ಹೇಳಿದರು, ಊರಿನ ಬಟ್ಟೆ ಒರಟು ನಿಜ, ಆದರೆ ಅದು ಎರಡು ಮೈ ಮುಚ್ಚುತ್ತದೆ, ತೊಟ್ಟವನದ್ದು ಮತ್ತು ನೇಯ್ದವನದ್ದು. ಒಡೆಯರು ಸಂಪತ್ತಿನ ಧರ್ಮದರ್ಶಿಗಳಾಗಿರಬೇಕು ಅನ್ನುವ ಪಾಠ ಬಂದಾಗ ಕಾಕಾ ಹೇಳಿದರು, ಒಡೆಯ ಕಾವಲುಗಾರ ಆಗಲಿ, ಆದರೆ ಇನ್ನೊಂದು ಬೀಗದ ಕೈ ನಮ್ಮ ಹತ್ತಿರ ಇರಲಿ. ಯೋಜನೆಗಳ ಪಾಠಕ್ಕೆ, ದೆಹಲಿಯಲ್ಲಿ ಅಳತೆ ತೆಗೆದ ಅಂಗಿ ಪಾಂಡೇಸರಾದವನಿಗೆ ಹಿಡಿಯುತ್ತದೋ ಇಲ್ಲವೋ, ಗುಂಡಿ ಹಾಕುವವನನ್ನು ಕೇಳಿ. ಯಂತ್ರದ ಮೇಲೂ ಒಂದು. ಇವು ನಾಲ್ಕೂ ಕಾಕಾ ಹೇಳಿದ್ದಲ್ಲ. ಬಸ್ಸಿನಲ್ಲಿ ಬರುತ್ತ ನಾನು ಕಟ್ಟಿದ್ದು. ಕಟ್ಟುವಾಗ ಎಷ್ಟು ಖುಷಿ ಆಗುತ್ತಿತ್ತು ಅಂದರೆ ನಿಲ್ದಾಣ ದಾಟಿ ಹೋದದ್ದೂ ಉಂಟು.

ಇಷ್ಟರ ತನಕ ತಪ್ಪಿಲ್ಲ. ತಪ್ಪು ಆದದ್ದು ಪರೀಕ್ಷೆಗೆ ಮೊದಲು. ಹುಡುಗರು ಹಟ ಹಿಡಿದರು. "ಬೆನ್, ಕಾಕಾನನ್ನು ಬರೆಸಿ. ಬರೆಸದಿದ್ದರೆ ಮರೆತುಹೋಗ್ತದೆ." ನಾನು ಹೆಮ್ಮೆಯಿಂದಲೇ ಬರೆಸಿದೆ. ಉಪಶೀರ್ಷಿಕೆ ಹಾಕಿ, ಒಂದರಿಂದ ಐದು ತನಕ ಅಂಶ ಹಾಕಿ. ಯಾರು, ಎಲ್ಲಿಯವರು ಅಂತ ಅವರು ಕೇಳಲಿಲ್ಲ. ಹೋಟೆಲಿನ ಮೇಜು ಅಂತ ನಾನೂ ಹೇಳಲಿಲ್ಲ. ಹೇಳಿದ್ದರೆ ಕಿಟಕಿಯ ಈಚೆ ಯಾರು ಹಿಟ್ಟು ರುಬ್ಬುತ್ತಿದ್ದರು ಅಂತಲೂ ಹೇಳಬೇಕಾಗುತ್ತಿತ್ತು. ಆಗ ನನಗೆ ಇಪ್ಪತ್ತಾರು. ಅಷ್ಟು ಧೈರ್ಯ ಇರಲಿಲ್ಲ.

ಮೆಹ್ತಾ ಸಾಹೇಬರ ಕಿವಿಗೆ ಬಿತ್ತು. ಕರೆದು ಕೇಳಿದರು. "ಈ ನಿಮ್ಮ ಕಾಕಾ ಯಾವ ವಿಶ್ವವಿದ್ಯಾಲಯ?"

"ಉದಾಹರಣೆ ಸಾಹೇಬ್. ಮಕ್ಕಳಿಗೆ ಅರ್ಥ ಆಗಲಿ ಅಂತ."

"ಬಾಯಲ್ಲಿ ಎಷ್ಟು ಬೇಕಾದರೂ ಹೇಳಿ. ಬರೆಸಬೇಡಿ. ನಾವು ಬರೆಸಿದ್ದನ್ನು ನಾವೇ ಬಂದು ಅಳಿಸಿದರೂ ಅದು ಹೋಗುವುದಿಲ್ಲ."

ಸೋಮಾರಿ ಮನುಷ್ಯ, ತನ್ನ ಹಳದಿ ಹಾಳೆ ಬಿಟ್ಟು ಬೇರೆ ಏನೂ ಬೇಡ ಇವರಿಗೆ ಅಂದುಕೊಂಡು ಬಂದೆ. ಸೋಮಾರಿ ಹೌದು. ಆದರೆ ಅವರ ಮಾತು ಸರಿ ಇತ್ತು. ಎರಡೂ ಒಬ್ಬರಲ್ಲೇ ಇರಬಹುದು ಅಂತ ಒಪ್ಪಿಕೊಳ್ಳಲಿಕ್ಕೆ ನನಗೆ ತುಂಬ ವರ್ಷ ಹಿಡಿಯಿತು.

ಆ ವರ್ಷದ ಮೌಲ್ಯಮಾಪನ ಅಹ್ಮದಾಬಾದಿನಲ್ಲಿ ನಡೆಯಿತು. ದೊಡ್ಡ ಹಾಲಿನಲ್ಲಿ ಕಟ್ಟು ಕಟ್ಟು ಉತ್ತರ ಪತ್ರಿಕೆ, ಕೆಂಪು ಪೆನ್ನು, ಗಂಟೆಗೊಂದು ಚಾ. ಹೆಸರಿಲ್ಲ, ಆಸನ ಸಂಖ್ಯೆ ಮಾತ್ರ. ಒಂದು ಪತ್ರಿಕೆಯಲ್ಲಿ ಯಂತ್ರ ಮತ್ತು ಉದ್ಯೋಗದ ಪ್ರಶ್ನೆಗೆ ಒಬ್ಬ ಹೀಗೆ ಬರೆದಿದ್ದ: "ನಮ್ಮ ಮಿಲ್ಲಿಗೆ ಹೊಸ ಯಂತ್ರ ಬಂತು. ಎಂಟು ಜನರ ಕೆಲಸ ಇಬ್ಬರಿಗೆ ಆಯಿತು. ಉಳಿದ ಆರು ಮನೆಯವರು ಇದೇ ಸೀರೆ ಕೊಳ್ಳುತ್ತಿದ್ದವರು. ಈಗ ಸೀರೆ ಜಾಸ್ತಿ, ಕೊಳ್ಳುವವರು ಕಡಿಮೆ. ಆದ್ದರಿಂದ ಯಂತ್ರ ತಾನು ಮಾಡಿದ್ದನ್ನು ತಾನೇ ಕೊಳ್ಳಲು ಕಲಿಯಬೇಕು." ನಾನು ಅಂಚಿನಲ್ಲಿ "ವಿಷಯಾಂತರ" ಅಂತ ಬರೆದು ಹದಿನಾಲ್ಕಕ್ಕೆ ಎರಡು ಅಂಕ ಹಾಕಿದೆ. ಅದರ ಕೆಳಗಿನ ಪತ್ರಿಕೆಯಲ್ಲಿ ಅದೇ ಪ್ರಶ್ನೆಗೆ ತ್ರಿಕಮ್ ಕಾಕಾ ಇದ್ದರು, ಐದೂ ಅಂಶ, ಅಡಿಗೆರೆ ಹಾಕಿ. ನಗುತ್ತ ಹನ್ನೊಂದು ಹಾಕಿದೆ.

ಹೊಸ ಅಧ್ಯಾಪಕರೇ, ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಯಾವುದು ಅಂತ ಕೇಳಿದರೆ ಆ ಎರಡು ಅಂಕ. ಒಬ್ಬ ನಿಜವಾದ ಕೆಲಸಗಾರ ತನ್ನ ತಲೆಯಿಂದ ಯೋಚಿಸಿದ್ದಕ್ಕೆ ಎರಡು ಕೊಟ್ಟು, ನಾನು ಬಸ್ಸಿನಲ್ಲಿ ಕಟ್ಟಿದ ಸುಳ್ಳು ಕೆಲಸಗಾರನಿಗೆ ಹನ್ನೊಂದು ಕೊಟ್ಟೆ. ಆ ಹುಡುಗ ಪಾಸಾದನೋ ಇಲ್ಲವೋ ಗೊತ್ತಿಲ್ಲ. ಆಗ ನನಗೆ ಇದು ತಪ್ಪು ಅಂತ ಅನಿಸಲೂ ಇಲ್ಲ.

ಕೆಲವು ವರ್ಷ ಕಳೆದು ನನಗೆ ಅಹ್ಮದಾಬಾದಿಗೆ ವರ್ಗ ಆಯಿತು. ಒಂದು ದಿನ ಪುಸ್ತಕದ ಅಂಗಡಿಯಲ್ಲಿ ಪರೀಕ್ಷೆಯ ಗೈಡ್ ತಿರುವಿ ಹಾಕುತ್ತಿದ್ದೆ. "ತ್ರಿಕಮ್‌ದಾಸ್, ಸೂರತ್" ಅಂತ ಅರ್ಧ ಪುಟ. ಹುಟ್ಟಿದ ಇಸವಿ, ತೀರಿಕೊಂಡ ಇಸವಿ. ಸ್ವದೇಶಿಯ ಮೇಲೆ ಕರಪತ್ರ, ಈಗ ಅಲಭ್ಯ. ಆಮೇಲೆ ನನ್ನ ಐದು ಅಂಶ, ಒಂದಕ್ಷರ ಬಿಡದೆ.

ಆ ದಿನವೇ ಪ್ರಕಾಶಕರಿಗೆ ಬರೆಯಬೇಕಿತ್ತು. ಬರೆಯಲಿಲ್ಲ. ಇಲ್ಲಿ ಸುಳ್ಳು ಹೇಳಿ ಪ್ರಯೋಜನ ಇಲ್ಲ: ನನಗೆ ಖುಷಿಯಾಯಿತು. ಗೈಡನ್ನು ಕೊಂಡು ತಂದೆ. ನನ್ನ ಮಾತು ಅಚ್ಚಾಗಿತ್ತು, ನನ್ನ ಹೆಸರಿಲ್ಲದೆ. ಇನ್ನೊಂದು ಕಾರಣವೂ ಇತ್ತು. ಬರೆದರೆ, ಹೋಟೆಲಿನಲ್ಲಿ ಹಿಟ್ಟು ರುಬ್ಬುವವನ ಮಗಳು ತರಗತಿಯಲ್ಲಿ ಹೋಟೆಲಿನ ಹರಟೆ ಬರೆಸಿದಳು ಅನ್ನುತ್ತಾರೆ. ಮೊದಲ ತಲೆಮಾರಿನಲ್ಲಿ ಓದಿದವರಿಗೆ ಇದೊಂದು ರೋಗ ಇರುತ್ತದೆ. ಬೇರೆಯವರ ತಪ್ಪು ತಪ್ಪು ಅಷ್ಟೆ. ನಮ್ಮ ತಪ್ಪಿಗೆ ಮಾತ್ರ ನಮ್ಮ ಅಪ್ಪನ ಕೆಲಸದ ಹೆಸರು ಸೇರುತ್ತದೆ ಅಂತ ಹೆದರುತ್ತೇವೆ.

ಕ್ರಮ ಬದಲಾಯಿತು. ವಾರ್ಷಿಕ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂತು. ಹಳದಿ ಹಾಳೆ ಹೋಗಿ ಜೆರಾಕ್ಸ್ ಬಂತು, ಅದು ಹೋಗಿ ಪರದೆ ಬಂತು. ಉದ್ದ ಉತ್ತರ ಹೋಗಿ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದು ಬಂತು. ನಾನು ವಡೋದರಾಕ್ಕೆ ಬಂದ ಮೇಲೆ ಪ್ರಶ್ನಕೋಶದಲ್ಲಿ ಕಣ್ಣಿಗೆ ಬಿದ್ದದ್ದು: "ಹೊಗೆ ಸಿದ್ಧಾಂತವನ್ನು ಪ್ರತಿಪಾದಿಸಿದವರು ಯಾರು?" ನಾಲ್ಕು ಆಯ್ಕೆಯಲ್ಲಿ ಮೂವರು ನಿಜವಾದ ಮಹಾನುಭಾವರು. ನಾಲ್ಕನೆಯವನು ನನ್ನವನು. ಸರಿಯುತ್ತರ ನನ್ನವನೇ. ಆಗಲೂ ಸುಮ್ಮನಿದ್ದೆ. ನಿವೃತ್ತಿ ಹತ್ತಿರ ಇತ್ತು, ಯಾಕೆ ಬೇಕು ಅನಿಸಿತು.

ನಿವೃತ್ತಿಯಾಗಿ ವಡೋದರಾದಲ್ಲೇ ಮಂಜಲ್‌ಪುರದ ಮನೆಯಲ್ಲಿ ಆರಾಮ ಇದ್ದೆ. ಒಂದು ಸೋಮವಾರ ಜಾಗೃತಿ ಎಂಬ ಹುಡುಗಿ ದಪ್ಪ ಫೈಲು ಎದೆಗೆ ಒತ್ತಿಕೊಂಡು ಬಂದಳು. ಅಹ್ಮದಾಬಾದಿನ ನರೋಡಾದವಳು. ಅಪ್ಪ ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಮೊದಲು ಓದಿದವಳು. ತಾತ್ಕಾಲಿಕ ಉಪನ್ಯಾಸಕಿ, ಪಿಎಚ್.ಡಿ. ಬಂದರೆ ಕೆಲಸ ಕಾಯಂ. ಗುಜರಾತಿನ ಪ್ರಾದೇಶಿಕ ಆರ್ಥಿಕ ಚಿಂತಕರ ಮೇಲೆ ಅವಳ ಪ್ರಬಂಧ. ಅವಳ ಮಾರ್ಗದರ್ಶಕ ಯಾರು ಅಂದರೆ ಭಾವೇಶ್, ಮಡಚುವ ಖಾತೆಯ ನನ್ನ ಹಳೇ ವಿದ್ಯಾರ್ಥಿ. ಈಗ ಅಹ್ಮದಾಬಾದಿನಲ್ಲಿ ಪ್ರಾಧ್ಯಾಪಕ.

"ಬೆನ್, ನೀವು ಸೂರತ್ತಿನಲ್ಲಿ ಇದ್ದವರು. ತ್ರಿಕಮ್‌ದಾಸರ ಕುಟುಂಬದವರು ಯಾರಾದರೂ ಗೊತ್ತಾ? ಅವರ ಮೇಲೆ ನನ್ನದು ಇಡೀ ನಾಲ್ಕನೇ ಅಧ್ಯಾಯ. ಕರಪತ್ರ ಒಂದು ಸಿಗಲಿಲ್ಲ. ಮೂರು ವರ್ಷ ಎಲ್ಲ ಗ್ರಂಥಾಲಯ ಹುಡುಕಿದೆ. ಒಂದು ಓಣಿಯಲ್ಲಿ ಒಬ್ಬ ಅಜ್ಜ, ಹೌದು, ನಮ್ಮ ಅಜ್ಜನ ಚಿಕ್ಕಪ್ಪ ಇರಬೇಕು ಅಂದ. ಆದರೆ ಅವನು ಫೋಟೋ ತೋರಿಸಿದ್ದು ಒಬ್ಬ ಪೊಲೀಸಿನವನದ್ದು."

ಅವಳು ನಕ್ಕಳು. ನಾನು ಅವಲಕ್ಕಿ ಕೊಟ್ಟೆ, ಚಾ ಕೊಟ್ಟೆ, ನೋಡೋಣ ಅಂದೆ. ಆ ದಿನ ಹೇಳಲಿಲ್ಲ. ಅವಳು ಹೋದ ಮೇಲೆ ತಟ್ಟೆ ತೊಳೆಯುವಾಗ ಒಂದೇ ಯೋಚನೆ. ಪ್ರಬಂಧ ಹೀಗೇ ಒಳಗೆ ಹೋದರೆ, ಮುಂದೆ ಎಂದಾದರೂ ಬುದ್ಧಿಯಿದ್ದವನೊಬ್ಬ ಹಿಡಿದರೆ, ಬೀಳುವುದು ಈ ಹುಡುಗಿಯ ಪದವಿ. ಭಾವೇಶನದ್ದಲ್ಲ, ನನ್ನದಲ್ಲ. ಕಾರ್ಖಾನೆ ಕೆಲಸದವನ ಮಗಳು ಕಥೆ ಕಟ್ಟಿ ಡಾಕ್ಟರಾದಳು ಅನ್ನುತ್ತಾರೆ. ನಾನು ಯಾವ ಮಾತಿಗೆ ಹೆದರಿ ಇಷ್ಟು ವರ್ಷ ಬಾಯಿ ಮುಚ್ಚಿದ್ದೆನೋ ಆ ಮಾತನ್ನು ಅವಳ ತಲೆಗೆ ಕಟ್ಟಿ ಕಳಿಸುತ್ತಿದ್ದೆ.

ಮಾರನೇ ಬೆಳಿಗ್ಗೆ ರೈಲು ಹತ್ತಿದೆ. ನರೋಡಾದ ಅವಳ ಮನೆ ಹುಡುಕಿ, ಅವಳ ಅಪ್ಪನ ಎದುರಿಗೇ ಹೇಳಿದೆ.

"ನೀವು ತಮಾಷೆ ಮಾಡ್ತಿದ್ದೀರಿ" ಅಂದಳು ಜಾಗೃತಿ.

"ಇಲ್ಲ."

"ನಾನು ಮೂರು ವರ್ಷ ಇಲ್ಲದವನ ಮನೆ ಹುಡುಕಿದೆ, ಬೆನ್. ಸೂರತ್ತಿನ ಬಿಸಿಲಲ್ಲಿ. ಇನ್ನು ನಲವತ್ತು ದಿನದಲ್ಲಿ ಸಲ್ಲಿಸಬೇಕು." ಫೈಲನ್ನು ಬದಿಗೆ ತಳ್ಳಿ, "ನಿನ್ನೆ ಯಾಕೆ ಹೇಳಲಿಲ್ಲ? ಅವಲಕ್ಕಿ ಕೊಟ್ರಿ."

"ಹೆದರಿಕೆ."

"ಇವತ್ತು ಹೋಯ್ತಾ ಹೆದರಿಕೆ?"

"ಇಲ್ಲ. ಇಟ್ಟುಕೊಂಡೇ ಬಂದೆ."

ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಅಪ್ಪ ನನ್ನ ಎದುರು ಕೂತೇ ಇದ್ದರು. ಕಡಿಮೆ ಮಾತಿನ ಮನುಷ್ಯ. "ಬೆನ್, ಚಾ ತಣ್ಣಗಾಯ್ತು" ಅಂದರು. ಆಮೇಲೆ ಕೇಳಿದರು, "ಆ ಚಿಮಣಿ ಮಾತು, ಅದೂ ನಿಮ್ಮದಾ?"

"ಅದೊಂದು ನನ್ನದಲ್ಲ. ಅದು ಮಿಲ್ಲಿನಲ್ಲಿದ್ದ ಒಬ್ಬರು ನನ್ನೆದುರಿಗೆ ಹೇಳಿದ್ದು."

"ಹಾಗೆ ಹೇಳಿ. ಮಗಳು ಓದಿ ಹೇಳಿದಾಗಲೇ ಅಂದುಕೊಂಡೆ, ಇದು ಹೊಗೆ ಕುಡಿದವನ ಮಾತು. ಉಳಿದ ನಾಲ್ಕು ಚೆನ್ನಾಗಿವೆ, ಆದರೆ ಅವು ಓದಿದವರು ಮಾಡಿದ್ದು ಅಂತ ಗೊತ್ತಾಗ್ತದೆ."

ಮೂವತ್ತು ವರ್ಷ ಯಾವ ಪರೀಕ್ಷಕನೂ ಹಿಡಿಯದ್ದನ್ನು ಅವರು ಚಾದ ಲೋಟ ಹಿಡಿದುಕೊಂಡು ಹಿಡಿದರು.

ಅಲ್ಲಿಂದ ನೇರ ಭಾವೇಶನ ಕೋಣೆಗೆ. ಅವನು ಎದ್ದು ಕಾಲಿಗೆ ನಮಸ್ಕಾರ ಮಾಡಿದ. ವಿಷಯ ಕೇಳಿ ಕೂತ. ನನ್ನ ಆ ತರಗತಿಯ ನೋಟ್ಸು ಇದ್ದವನೇ ಗೈಡ್ ಬರೆದಿರಬೇಕು ಅಂತ ರೈಲಿನಲ್ಲೇ ಯೋಚಿಸಿದ್ದೆ.

"ಗೈಡ್ ಬರೆದವನು ನೀನಾ?"

"ಎಂ.ಎ. ಮಾಡುವಾಗ, ಬೆನ್. ಹೆಸರಿಲ್ಲದೆ ಬರೆದದ್ದು. ಹೊಟ್ಟೆಪಾಡು."

"ಇಸವಿ ಎಲ್ಲಿಂದ ತಂದೆ?"

"ಇಸವಿ ಇಲ್ಲದೆ ಚಿಂತಕನನ್ನು ಹಾಕುವುದಿಲ್ಲ ಅಂದರು ಪ್ರಕಾಶಕರು. ಸ್ವದೇಶಿ ಕಾಲಕ್ಕೆ ಹೊಂದಿಸಿ ಕೊಟ್ಟೆ. ಕರಪತ್ರವೂ ನನ್ನದೇ. ಆದರೆ ಮನುಷ್ಯ ಇದ್ದ ಅಂತ ನಂಬಿದ್ದೆ, ಬೆನ್. ನೀವು ಬರೆಸಿದ್ದು. ನೀವು ಬರೆಸಿದ್ದನ್ನು ನಾನು ಯಾಕೆ ಅನುಮಾನಿಸಲಿ?"

ಅವನು ಮುಂದಕ್ಕೆ ಬಾಗಿದ. "ಬಿಟ್ಟುಬಿಡಿ. ಯಾರೂ ಕೇಳುವುದಿಲ್ಲ. ಪರೀಕ್ಷಕರೂ ಅದೇ ಗೈಡ್ ಓದಿ ಪಾಸಾದವರು. ಈಗ ತೆಗೆದರೆ ಹುಡುಗಿಗೆ ಅಧ್ಯಾಯವೇ ಇಲ್ಲ."

"ಅಧ್ಯಾಯ ಇದೆ ಭಾವೇಶ್. ಇಲ್ಲದ ಮನುಷ್ಯ ಚಿಂತಕ ಆದದ್ದು ಹೇಗೆ? ತರಗತಿಯಿಂದ ನೋಟ್ಸಿಗೆ, ನೋಟ್ಸಿನಿಂದ ಗೈಡಿಗೆ, ಗೈಡಿನಿಂದ ಪ್ರಶ್ನಕೋಶಕ್ಕೆ. ಚಿಂತನೆ ಕೈಯಿಂದ ಕೈಗೆ ದಾಟುವ ಬಗೆ ಅದು. ಅದೂ ಇತಿಹಾಸವೇ. ನಾನು ಬರೆದು ಸಹಿ ಹಾಕಿ ಕೊಡುತ್ತೇನೆ, ಅನುಬಂಧಕ್ಕೆ ಸೇರಿಸಲಿ. ಹಾಳೆಯಲ್ಲಿ ನಿನ್ನ ಹೆಸರು ನಾನು ಹಾಕುವುದಿಲ್ಲ. ಅದನ್ನು ಹಾಕಬೇಕಾದವನು ನೀನು."

ಅವನು ತನ್ನ ಉಗುರುಗಳನ್ನು ನೋಡಿಕೊಂಡ. ಈಗ ಅವುಗಳ ಮೇಲೆ ಯಾವ ಬಣ್ಣವೂ ಇಲ್ಲ. "ಅರ್ಜಿ ಹಾಕಿದರೆ ಆರು ತಿಂಗಳು ಹೆಚ್ಚು ಸಿಗಬಹುದು. ನೋಡ್ತೇನೆ" ಅಂದ. ಅಷ್ಟೆ.

ಆರು ತಿಂಗಳು ಸಿಕ್ಕಿತು. ಜಾಗೃತಿ ಮೊದಲ ತಿಂಗಳು ನನ್ನ ಫೋನು ಎತ್ತಲಿಲ್ಲ. ಎರಡನೆಯ ತಿಂಗಳು ಒಂದು ಪ್ರಶ್ನಾವಳಿ ಕಳಿಸಿದಳು, ಸಾಕ್ಷಿಯನ್ನು ವಿಚಾರಿಸುವ ಹಾಗೆ. ಯಾವ ತರಗತಿ, ಯಾವ ಪಾಠ, ಯಾವ ವಾಕ್ಯ ಯಾರದ್ದು, ಬರೆಸಿದ್ದು ಯಾಕೆ, ಗೊತ್ತಾದ ಮೇಲೂ ಸುಮ್ಮನಿದ್ದದ್ದು ಯಾಕೆ. ಎಲ್ಲಕ್ಕೂ ಉತ್ತರ ಬರೆದೆ. ಆ ಎರಡು ಅಂಕದ ಹುಡುಗನ ಮಾತೂ, ನೆನಪಿದ್ದಷ್ಟು, ಅವನ ಹೆಸರು ನನಗೆ ಗೊತ್ತಿಲ್ಲ ಅಂತ ಸೇರಿಸಿ ಬರೆದೆ. ಪ್ರಶ್ನಕೋಶದವರಿಗೂ ಪತ್ರ ಹಾಕಿದೆ. ಉತ್ತರ ಇಲ್ಲ. ಮತ್ತೆ ಹಾಕಿದೆ. ಐದನೆಯ ಪತ್ರಕ್ಕೆ ಆ ಪ್ರಶ್ನೆ ಕೈಬಿಟ್ಟದ್ದಾಗಿ ಎರಡು ಸಾಲು ಬಂತು.

ಮೌಖಿಕ ಪರೀಕ್ಷೆ ಅಹ್ಮದಾಬಾದಿನಲ್ಲಿ, ಎಲ್ಲರೂ ಕೂತು ಕೇಳಬಹುದಾದಂಥದ್ದು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಹೊರರಾಜ್ಯದಿಂದ ಬಂದ ಪರೀಕ್ಷಕರು ಬೇರೆ ಅಧ್ಯಾಯಗಳನ್ನು ಬೇಗ ಮುಗಿಸಿ ನಾಲ್ಕನೆಯದಕ್ಕೆ ಬಂದರು. ಜಾಗೃತಿ ಒಂದೊಂದೇ ಹೆಜ್ಜೆ ವಿವರಿಸಿದಳು. ಪರೀಕ್ಷಕರು ಅನುಬಂಧ ತೆರೆದ ಕೂಡಲೆ ನನಗೆ ದೂರದಿಂದ ಕಂಡಿತು, ಅಲ್ಲಿ ಸಹಿ ಹಾಕಿದ ಹಾಳೆ ಒಂದಲ್ಲ, ಎರಡು. ಭಾವೇಶ್ ಮುಂದಿನ ಸಾಲಿನಲ್ಲಿ ಹಿಂದೆ ತಿರುಗದೆ ಕೂತಿದ್ದ.

"ಈ ಅಧ್ಯಾಪಕಿ ಈಗಲೂ ಇದ್ದಾರಾ?" ಅಂದರು ಪರೀಕ್ಷಕರು.

ನಾನು ಎದ್ದು ನಿಂತೆ. "ನಾನೇ."

ಹಾಲಿನಲ್ಲಿ ಕುರ್ಚಿಗಳು ತಿರುಗಿದವು. ಅವರಲ್ಲಿ ಎಷ್ಟೋ ಜನ ಆ ಗೈಡ್ ಓದಿದವರು.

"ಐದು ಅಂಶದಲ್ಲಿ ಮೊದಲನೆಯದು ನಿಜವಾದ ವ್ಯಕ್ತಿಯದ್ದು ಅಂತ ಬರೆದಿದ್ದೀರಿ. ಎಲ್ಲಿ ಹೇಳಿದ್ದು?"

"ಅಹ್ಮದಾಬಾದಿನ ಒಂದು ಹೋಟೆಲಿನಲ್ಲಿ. ನನ್ನ ಅಪ್ಪ ಆ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದರು. ಅಡುಗೆಮನೆ ಕಿಟಕಿಯ ಎದುರಿನ ಮೇಜು." ಇಷ್ಟು ವರ್ಷ ನುಂಗಿದ್ದು ಎರಡು ಉಸಿರಿನಲ್ಲಿ ಮುಗಿಯಿತು.

"ಆ ವ್ಯಕ್ತಿಯ ಪೂರ್ತಿ ಹೆಸರು?"

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತದ್ದಲ್ಲ. ಕೇಳಿಯೇ ಇರಲಿಲ್ಲ. ಎಷ್ಟು ಜನ ಚಿಂತಕರ ಪೂರ್ತಿ ಹೆಸರು, ಇಸವಿ, ಊರು ಬರೆಸಿದ್ದೇನೆ. ದಿನವೂ ಎದುರಿಗೆ ಕೂತು, ನನ್ನ ಇಡೀ ವೃತ್ತಿಗೆ ಸಾಕಾಗುವ ಒಂದು ವಾಕ್ಯ ಕೊಟ್ಟ ಮನುಷ್ಯನ ಪೂರ್ತಿ ಹೆಸರನ್ನು ನಾನು ಕೇಳಲಿಲ್ಲ.

"ತ್ರಿಕಮ್ ಕಾಕಾ ಅನ್ನುತ್ತಿದ್ದೆವು. ಅಷ್ಟೇ ಗೊತ್ತು."

ಪರೀಕ್ಷಕರು ಜಾಗೃತಿಯ ಕಡೆ ತಿರುಗಿ, "ಅಡಿಟಿಪ್ಪಣಿಯಲ್ಲಿ ಹಾಗೆಯೇ ಬರೆಯಿರಿ. ಹೆಸರು ಕೇಳಿರಲಿಲ್ಲ ಅಂತ" ಅಂದರು. ಅವಳು ತಲೆ ಬಗ್ಗಿಸಿ ಬರೆದುಕೊಂಡಳು. ಪದವಿ ಬಂತು. ಕೆಲಸ ಕಾಯಂ ಆಗಲಿಕ್ಕೆ ಇನ್ನೊಂದು ವರ್ಷ ಹಿಡಿಯಿತು. ಅದನ್ನು ತಿಳಿಸಲು ಅವಳು ಫೋನು ಮಾಡಲಿಲ್ಲ, ಅವಳ ಅಪ್ಪ ಮಾಡಿದರು.

ಇಷ್ಟು ಬರೆದು ಮೊನ್ನೆ ಚೈತ್ರಾಗೆ ಫೋನಿನಲ್ಲಿ ಓದಿ ಹೇಳಿದೆ. ನನ್ನ ಮಗನಿಗೆ ಕನ್ನಡ ಓದಲು ಬರುವುದಿಲ್ಲ, ಮನೆಯಲ್ಲಿ ಕೇಳುವವರು ಬೇರೆ ಇಲ್ಲ. ಆ ಕನ್ನಡ ಗೈಡಿನ ಪ್ರಕಾಶಕರಿಗೆ ಪತ್ರವೂ ಹೋಗಿದೆ. ಮೊದಲನೆಯದು. ಐದರ ತನಕ ಹೋಗಲಿಕ್ಕೆ ತಯಾರಿದ್ದೇನೆ, ಹತ್ತಕ್ಕೂ ಸೈ.

ಚೈತ್ರಾ ಕೇಳಿದಳು. "ಹಾಗಾದ್ರೆ ನಾಳೆ ಕ್ಲಾಸಲ್ಲಿ ಆ ಅರ್ಧ ಪುಟ ಬಿಟ್ಟುಬಿಡುದಾ ಅತ್ತೆ?"

"ಬಿಡಬೇಡ. ಬೋರ್ಡಿನ ಮೇಲೆ ಬರೆ. ಚಿಮಣಿಯ ಮಾತಿನ ಕೆಳಗೆ, ಅಹ್ಮದಾಬಾದಿನ ಒಬ್ಬ ಮಿಲ್ ಕೆಲಸಗಾರ ಅಂತ ಹಾಕು. ಉಳಿದ ನಾಲ್ಕರ ಕೆಳಗೆ ನನ್ನ ಹೆಸರು ಹಾಕು, ಕಟ್ಟಿದ್ದು ಅಂತ ಹಾಕು. ಆಮೇಲೆ ಮಕ್ಕಳನ್ನು ಕೇಳು, ನಿಮ್ಮ ಮನೆಯಲ್ಲಿ, ಮೀನು ಮಾರುವಲ್ಲಿ, ಗೇರುಬೀಜದ ಕಾರ್ಖಾನೆಯಲ್ಲಿ ಇಂಥ ಮಾತು ಯಾರು ಆಡ್ತಾರೆ ಅಂತ. ಯಾರಾದರೂ ಒಂದು ಹೇಳಿದರೆ, ಎರಡು ಅಂಕ ಹಾಕಿ ಕೂರಿಸಬೇಡ. ಆಡಿದವರ ಪೂರ್ತಿ ಹೆಸರು ಕೇಳು. ಕೇಳಿ, ಬರೆಸು."

"ನಿಮ್ಮದೂ ಪೂರ್ತಿ ಹೆಸರು ಬರೀಬೇಕಾ? ಡಿಗ್ರಿ ಸಮೇತ?"

"ಡಿಗ್ರಿ ಸಮೇತ ಬರೆ. ಅದನ್ನು ನಾನು ಸುಮ್ಮನೆ ತಗೊಂಡದ್ದಲ್ಲ."